ಮುಂಬಯಿಯ ಸೈಕಲ್ ಸವಾರನೂ ಕಾನೂನಿನ ಕೊಡೆಯೂ

ಮುಂಬಯಿಯ ಚರಿತ್ರೆಯನ್ನು ಬರೆದವರು ಬಂದರು, ಬಟ್ಟೆಗಿರಣಿ, ರೈಲು, ಟ್ರಾಮುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಸೈಕಲ್ಲಿನ ಬಗ್ಗೆ ಬರೆದವರು ವಿರಳ. ಆದರೆ ಈ ಮಹಾನಗರದ ಬೆಳಗು ಇಂದಿಗೂ ಅನೇಕ ಬೀದಿಗಳಲ್ಲಿ ಸೈಕಲ್ಲಿನ ಗಂಟೆಯಿಂದಲೇ ಆಗುತ್ತದೆ. ಹಾಲಿನವನು, ಪಾವ್ ಮಾರುವವನು, ಪತ್ರಿಕೆ ಹಂಚುವ ಹುಡುಗ, ಹೊತ್ತೇರಿದ ಮೇಲೆ ಡಬ್ಬಾವಾಲಾ, ನಮ್ಮವರ ಹೋಟೆಲುಗಳಿಂದ ಅಂಗಡಿ ಕಛೇರಿಗಳಿಗೆ ತಿಂಡಿ ಕಾಫಿ ಒಯ್ಯುವ ಹುಡುಗ, ಇವರೆಲ್ಲರ ಅನ್ನದ ದಾರಿ ಎರಡು ಚಕ್ರಗಳ ಮೇಲೆ ಸಾಗುತ್ತದೆ. ಹಿಂದಿನಿಂದ ಹಾರ್ನು ಬಾರಿಸಿ ಗಾಬರಿಪಡಿಸುವ, ಮೈಗೆ ತಾಗುವಷ್ಟು ಹತ್ತಿರದಲ್ಲಿ ಹಾಯ್ದುಹೋಗುವ, ಬೈದು ಬದಿಗೊತ್ತುವ, ಕೊನೆಗೆ ಕೆಡವಿ ಓಡಿಹೋಗುವ ಮೋಟಾರುಗಳ ನಡುವೆ ಇವರು ದಿನ ಕಳೆಯಬೇಕು. ಇಂಥವರಿಗೆ ಕಾನೂನು ಎಂದಾದರೂ ಕೊಡೆ ಹಿಡಿದಿದೆಯೆ? ಹಿಡಿದಿದ್ದರೆ ಯಾವಾಗ, ಎಷ್ಟರಮಟ್ಟಿಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನೂರೈವತ್ತು ವರ್ಷಗಳ ಸ್ವಾರಸ್ಯವಾದ ಕಥೆಯೊಂದು ಬಿಚ್ಚಿಕೊಳ್ಳುತ್ತದೆ.

ಸೈಕಲ್ಲೂ ಒಂದು ವಾಹನವಾದ ಬಗೆ

ಭಾರತೀಯ ದಂಡಸಂಹಿತೆ ಸಿದ್ಧವಾದದ್ದು 1860ರಲ್ಲಿ. ಜಾರಿಗೆ ಬಂದದ್ದು 1862ರ ಜನವರಿ 1ರಂದು. ಆಗ ಈ ದೇಶದಲ್ಲಿ ಮೋಟಾರೂ ಇರಲಿಲ್ಲ, ಇಂದಿನ ರೂಪದ ಸೈಕಲ್ಲೂ ಇರಲಿಲ್ಲ. ಆದರೂ ಅದರ 279ನೆಯ ಕಲಮು, ಸಾರ್ವಜನಿಕ ದಾರಿಯಲ್ಲಿ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದಲೋ ಅಲಕ್ಷ್ಯದಿಂದಲೋ ವಾಹನ ನಡೆಸುವವನು ಅಥವಾ ಸವಾರಿ ಮಾಡುವವನು ಶಿಕ್ಷಾರ್ಹನೆಂದು ಹೇಳಿತು. ಕುದುರೆಗಾಡಿಯ ಕಾಲದ ಜನ ಬರೆದ ಮಾತು ಮುಂದೆ ಮೋಟಾರು ಲಾರಿಗೂ ಅನ್ವಯಿಸಿತು. ಆರು ತಿಂಗಳ ಸೆರೆ ಅಥವಾ 1,000 ರೂಪಾಯಿ ದಂಡ, ಇಲ್ಲವೇ ಎರಡೂ, ಎಂಬುದು ಅಂದಿನ ಗರಿಷ್ಠ ಶಿಕ್ಷೆ. 1860ರಲ್ಲಿ ಸಾವಿರ ರೂಪಾಯಿ ಎಂದರೆ ಒಂದು ಸಂಸಾರವನ್ನೇ ಬೀದಿಗೆ ತರಬಲ್ಲ ಮೊತ್ತ. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 281ನೆಯ ಕಲಮಿನಲ್ಲಿ ಇದೇ ಅಪರಾಧಕ್ಕೆ ದಂಡದ ಮಿತಿ ಅದೇ 1,000 ರೂಪಾಯಿ! ರೂಪಾಯಿಯ ಬೆಲೆ ಇಳಿದರೂ ಅಂಕಿ ಕದಲಲಿಲ್ಲ.

ಸೈಕಲ್ಲು ಕಾನೂನಿನ ಕಣ್ಣಿಗೆ ಬಿದ್ದದ್ದು ಮೊದಲು ಇಂಗ್ಲೆಂಡಿನಲ್ಲಿ. ಅದೂ ರಕ್ಷಣೆ ಪಡೆಯಬೇಕಾದವನಾಗಿ ಅಲ್ಲ, ಆರೋಪಿಯಾಗಿ. 1879ರಲ್ಲಿ ಅಲ್ಲಿಯ ನ್ಯಾಯಾಸ್ಥಾನವೊಂದು, ಸೈಕಲ್ಲು ಕೂಡ ಒಂದು 'ಗಾಡಿ'ಯೇ ಆದುದರಿಂದ ಅದನ್ನು ವಿಪರೀತ ವೇಗದಲ್ಲಿ ಓಡಿಸಿದವನು ಗಾಡಿ ಹೊಡೆಯುವವನಂತೆಯೇ ಶಿಕ್ಷೆಗೆ ಗುರಿ ಎಂದು ತೀರ್ಪಿತ್ತಿತು. 1888ರ ಕಾಯಿದೆಯೊಂದು ಈ ಮಾತನ್ನು ಸ್ಥಿರಪಡಿಸಿತು. ಸವಾರರು ಇದರಿಂದ ಬೇಸರಗೊಳ್ಳಬೇಕಾಗಿರಲಿಲ್ಲ. ಗಾಡಿ ಎಂದಾದ ಮೇಲೆ ಗಾಡಿಯ ಹೊಣೆಯೊಂದಿಗೆ ಗಾಡಿಯ ಹಕ್ಕೂ ಬಂತು: ರಸ್ತೆ ಅವರದೂ ಹೌದು ಎಂದಾಯಿತು.

ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು ಓಡಲು ತೊಡಗಿದ್ದು 1874ರಲ್ಲಿ, ವಿದ್ಯುತ್ ಟ್ರಾಮು 1907ರಲ್ಲಿ, ಮೋಟಾರು ಬಸ್ಸು 1926ರಲ್ಲಿ. ಡಬ್ಬಾವಾಲರ ವ್ಯವಸ್ಥೆಗೆ 1890ರಲ್ಲಿ ಬೀಜ ಬಿದ್ದಿತು. ಈ ನಡುವಿನ ದಶಕಗಳಲ್ಲಿ ಸೈಕಲ್ಲು ದೊರೆಗಳ ಆಟಿಕೆಯಾಗಿದ್ದುದು ಗುಮಾಸ್ತರ, ಮೇಸ್ತ್ರಿಗಳ, ಅಂಚೆಯವರ ಸಂಗಾತಿಯಾಯಿತು. 1923ರಲ್ಲಿ ಇದೇ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಏರಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರಲ್ಲಿ ಮರಳಿ ಬಂದರು. ಮರುಭೂಮಿ, ಕಾಡುಗಳನ್ನು ದಾಟಿ ಬಂದವರನ್ನು ಊರು ಕೊಂಡಾಡಿತು. ಗಿರ್‌ಗಾಂವಿನಿಂದ ಪರೇಲಿಗೆ ದಿನವೂ ತುಳಿಯುವವನ ಸಾಹಸವನ್ನು ಮಾತ್ರ ಯಾರೂ ಎಣಿಸಲಿಲ್ಲ.

ಸೈಕಲ್ಲು ತಯಾರಿಸುವ ಕಾರಖಾನೆಯೂ ಈ ನಗರದಲ್ಲಿತ್ತು. ವರಳಿಯ ಹಿಂದ್ ಸೈಕಲ್ಸ್ ಎಂಬ ಹೆಸರು ಹಳೆಯ ತಲೆಮಾರಿನವರಿಗೆ ನೆನಪಿರಬಹುದು. 1980ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಕರಿಸಿತು. ಸೈಕಲ್ಲು ಮಾಡುವ ಕೈಗಳೂ ತುಳಿಯುವ ಕಾಲುಗಳೂ ಇದೇ ಊರಿನಲ್ಲಿದ್ದ ಕಾಲ ಅದು.

ಪೋಲೀಸು ಕಾಯಿದೆಯ ನೆರಳು

ಸ್ಥಳೀಯ ಕಾನೂನಿನ ಮಾತಿಗೆ ಬರೋಣ. ಮುಂಬಯಿ ನಗರಕ್ಕೆ 1902ರ ಪೋಲೀಸು ಕಾಯಿದೆ ಇತ್ತು. ಜಿಲ್ಲೆಗಳಿಗೆ 1890ರ ಇನ್ನೊಂದು. ಸ್ವಾತಂತ್ರ್ಯಾನಂತರ ಉಪನಗರಗಳು ಬೃಹನ್ಮುಂಬಯಿಯೊಳಗೆ ಸೇರಿದವು, ಎರಡು ಕಾಯಿದೆಗಳೂ ಸೇರಿ 1951ರ ಮುಂಬಯಿ ಪೋಲೀಸು ಕಾಯಿದೆಯಾಯಿತು. ನಮ್ಮವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ಆದುದರಿಂದ ದಾದರಿನ ಸೈಕಲ್ ಸವಾರನಿಗೂ ಧಾರವಾಡದ ಸವಾರನಿಗೂ ಅನ್ವಯಿಸುತ್ತಿದ್ದುದು ಒಂದೇ ಕಾಯಿದೆ. 1956ರಲ್ಲಿ ರಾಜ್ಯಗಳು ಬೇರೆಯಾದ ಮೇಲೆ ಆ ಕಡೆ 1963ರ ಮೈಸೂರು ಪೋಲೀಸು ಕಾಯಿದೆ ಬಂತು.

1951ರ ಕಾಯಿದೆ 'ವಾಹನ' ಎಂಬ ಶಬ್ದಕ್ಕೆ ಅರ್ಥ ಹೇಳುವಾಗ ಕೈಗಾಡಿ, ಮೋಟಾರುಗಳ ಜೊತೆಗೆ ಸೈಕಲ್ಲನ್ನೂ ಹೆಸರಿಸಿತು. ರಸ್ತೆಯಲ್ಲಿ ನಡೆಯುವವರು, ಸೈಕಲ್ ತುಳಿಯುವವರು, ಗಾಡಿ ಹೊಡೆಯುವವರು ಹೇಗೆ ಸಾಗಬೇಕೆಂದು ನಿಯಮ ಮಾಡುವ ಅಧಿಕಾರವನ್ನು 33ನೆಯ ಕಲಮು ಪೋಲೀಸು ಅಧಿಕಾರಿಗಳಿಗೆ ಕೊಟ್ಟಿತು. ದೀಪ ಎಷ್ಟಿರಬೇಕು, ಎಲ್ಲಿರಬೇಕು, ಯಾವ ಹೊತ್ತಿನಲ್ಲಿ ಉರಿಯಬೇಕು ಎಂಬುದೂ ಅದರಲ್ಲಿ ಸೇರಿತ್ತು. ದೀಪವಿಲ್ಲದೆ ಸಿಕ್ಕಿಬಿದ್ದು ದಂಡ ತೆತ್ತವರು, 'ಡಬಲ್ ಸವಾರಿ' ಹೋಗುತ್ತಿದ್ದಾಗ ತಿರುವಿನಲ್ಲಿ ಪೋಲೀಸನನ್ನು ಕಂಡು ಹಿಂದಿನವನು ಧಡಕ್ಕನೆ ಇಳಿದು ನಡೆದದ್ದು, ಇವೆಲ್ಲ ಹಳಬರ ನೆನಪಿನ ಬುತ್ತಿಯಲ್ಲಿವೆ. ಊರ ಕಡೆ ಪುರಸಭೆಯ ಬಿಲ್ಲೆ ಸೈಕಲ್ಲಿಗೆ ಇರಲೇಬೇಕಿತ್ತು. ಇಲ್ಲದಿದ್ದರೆ ಸೈಕಲ್ಲು ಪುರಸಭೆಯ ಅಂಗಳದಲ್ಲಿ. ಹೀಗೆ ಕಾನೂನಿನ ಮೊದಲ ಪರಿಚಯ ನಮ್ಮ ಸವಾರನಿಗೆ ಆದದ್ದು ಬಿಸಿಲಿಗೆ ಹಿಡಿದ ಕೊಡೆಯಾಗಿ ಅಲ್ಲ, ಬೆನ್ನಿಗೆ ಬಿದ್ದ ಬೆತ್ತವಾಗಿ.

ಆದರೂ ಅದೇ ಕಾಯಿದೆಯ ಮೂಲೆಯಲ್ಲಿ ಅವನಿಗೂ ಒಂದಿಷ್ಟು ನೆರಳಿತ್ತು. 99ನೆಯ ಕಲಮಿನ ಪ್ರಕಾರ, ಮುಂದಿರುವ ವಾಹನವನ್ನು ದಾಟುವವನು ಅದರ ಬಲಗಡೆಯಿಂದಲೇ ದಾಟಬೇಕು. ಸೈಕಲ್ಲು ವಾಹನವೇ ಆದುದರಿಂದ ಅದನ್ನು ಎಡದಿಂದ ಒತ್ತಿಕೊಂಡು ಹೋಗುವುದು ತಪ್ಪು. 112ನೆಯ ಕಲಮಿನ ಪ್ರಕಾರ, ಶಾಂತಿ ಕದಡುವ ಉದ್ದೇಶದಿಂದ ಬೀದಿಯಲ್ಲಿ ಬೆದರಿಕೆಯ, ಬೈಗಳದ, ಅವಮಾನದ ಮಾತನ್ನಾಡುವುದೂ ಅಂಥ ನಡತೆಯೂ ಅಪರಾಧ. ಸೈಕಲ್ ಸವಾರನ ಹೆಸರೆತ್ತಿ ಮಾಡಿದ ಕಲಮು ಇದಲ್ಲ. ಆದರೆ ಚಾಲಕನ ಕಿರುಕುಳಕ್ಕೆ ಇದಿರಾಗಿ ಈ ನಗರದ ಸ್ಥಳೀಯ ಕಾನೂನಿನಲ್ಲಿ ಅತ್ಯಂತ ಹತ್ತಿರಕ್ಕೆ ಬರುವ ಮಾತು ಇದೇ. ಕಾಯಿದೆಗೆ ಈಗ ಮಹಾರಾಷ್ಟ್ರ ಪೋಲೀಸು ಕಾಯಿದೆ ಎಂಬ ಹೆಸರು. ಕಲಮು ಇದೆ, ಅದನ್ನು ಹಿಡಿದು ಠಾಣೆಯ ಮೆಟ್ಟಿಲೇರುವ ಬಿಡುವು ಹಾಲಿನವನಿಗೆ ಎಲ್ಲಿದೆ?

ಪರಿಹಾರದ ದಾರಿ ಸುಗಮವಾದದ್ದು

ಬೈಗಳಿಗೆ ಮದ್ದಿಲ್ಲದಿದ್ದರೆ ಹೋಗಲಿ, ಪೆಟ್ಟಿಗಾದರೂ ಪರಿಹಾರವಿತ್ತೆ? 1855ರ ಕಾಯಿದೆಯೊಂದು, ಇನ್ನೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು, ತಂದೆತಾಯಿಗಳು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದಿತ್ತು. ಆದರೆ ಕೋರ್ಟು ಶುಲ್ಕ, ವಕೀಲರ ಖರ್ಚು, ವರ್ಷಾನುಗಟ್ಟಲೆ ಅಲೆದಾಟ ಕೂಲಿಯವನ ಮನೆಯವರಿಗೆ ಎಟಕುವ ಮಾತಾಗಿರಲಿಲ್ಲ. ಮೋಟಾರಿಗಾಗಿಯೇ 1914ರಲ್ಲಿ ಒಂದು ಕಾಯಿದೆ, 1939ರಲ್ಲಿ ಅದಕ್ಕಿಂತ ವಿಸ್ತಾರವಾದ ಮತ್ತೊಂದು ಕಾಯಿದೆ ಬಂತು. ಮೂರನೆಯವರಿಗಾಗುವ ಹಾನಿಗಾಗಿ ಪ್ರತಿ ಮೋಟಾರೂ ವಿಮೆ ಮಾಡಿಸಲೇಬೇಕೆಂಬ ಭಾಗ 1946ರ ಜುಲೈ 1ರಿಂದ ಜಾರಿಯಾಯಿತು. ಇಲ್ಲಿ 'ಮೂರನೆಯವನು' ಎಂದರೆ ರಸ್ತೆಯಲ್ಲಿ ನಡೆಯುವವನು, ಸೈಕಲ್ ತುಳಿಯುವವನು. ಅವನ ಹೆಸರು ಹೇಳದೆ ಕಾನೂನು ಮೊದಲ ಬಾರಿಗೆ ಅವನಿಗಾಗಿ ಒಂದು ಗಂಟು ಕಟ್ಟಿತು.

1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ನ್ಯಾಯಮಂಡಲಿಗಳನ್ನು ಸ್ಥಾಪಿಸುವ ಏರ್ಪಾಡಾಯಿತು. 1982ರ ಅಕ್ಟೋಬರಿನಲ್ಲಿ ಇನ್ನೊಂದು ಮಹತ್ತ್ವದ ಹೆಜ್ಜೆ: ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಮರಣಕ್ಕೆ 15,000 ರೂಪಾಯಿ, ಶಾಶ್ವತ ಊನಕ್ಕೆ 7,500 ರೂಪಾಯಿ ಕೊಡಲೇಬೇಕೆಂದಾಯಿತು. ಸೈಕಲ್ ಸವಾರನಿಗೆ ಇದು ಎಷ್ಟು ದೊಡ್ಡ ಮಾತೆಂದರೆ, ಸಾಮಾನ್ಯವಾಗಿ ಸತ್ತವನು ಅವನೇ; ನಡೆದದ್ದನ್ನು ಹೇಳಲು ಬದುಕಿ ಉಳಿಯುವವನು ಚಾಲಕ.

1987ರಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಸಾರಿಗೆ ನಿಗಮದ ಮೊಕದ್ದಮೆಯೊಂದರಲ್ಲಿ ತೀರ್ಪು ಕೊಟ್ಟಿತು. ಬಸ್ಸಿಗೆ ಬಲಿಯಾದ ಹುಡುಗನ ಅಣ್ಣತಮ್ಮಂದಿರಿಗೆ ಪರಿಹಾರ ಕೇಳುವ ಹಕ್ಕಿದೆಯೆ ಎಂಬುದು ಪ್ರಶ್ನೆ. ಹಳೆಯ ಕಾಯಿದೆಯ ಲೆಕ್ಕದಲ್ಲಿ ಇಲ್ಲ. ಆದರೆ ನಮ್ಮ ದೇಶದ ಕುಟುಂಬದ ರೀತಿಯೇ ಬೇರೆ, ಒಡಹುಟ್ಟಿದವರೂ ಸತ್ತವನ ದುಡಿಮೆಯನ್ನು ನೆಚ್ಚಿಕೊಂಡಿರುತ್ತಾರೆ ಎಂಬ ನೆಲೆಯಿಂದ ನ್ಯಾಯಾಲಯ ಅವರ ಹಕ್ಕನ್ನು ಒಪ್ಪಿತು. ಆ ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಾಧೀಶರೂ ಆದರು. ಮದುವೆಯಾಗದೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ಊರಿನ ತಂಗಿಯ ಮದುವೆಗೆ, ತಮ್ಮನ ಓದಿಗೆ ಹಣ ಕಳುಹಿಸಿದ ಎಷ್ಟು ಮಂದಿ ನಮ್ಮ ಹುಡುಗರಿಲ್ಲ! ಅವರ ಮನೆಗಳಿಗೆ ಈ ತೀರ್ಪಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1988ರ ಹೊಸ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂತು. 1994ರ ತಿದ್ದುಪಡಿ ಅದಕ್ಕೆ ಹೊರನಾಡಿಗರಿಗೆ ವರದಾನವೆನ್ನಬಹುದಾದ ಮಾತೊಂದನ್ನು ಸೇರಿಸಿತು. ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲ, ಪರಿಹಾರ ಕೇಳುವವರು ವಾಸವಾಗಿರುವ ಸ್ಥಳದ ನ್ಯಾಯಮಂಡಲಿಯಲ್ಲೂ ಅರ್ಜಿ ಹಾಕಬಹುದು. ಕುರ್ಲಾದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಅಲೆಯಬೇಕಾಗಿಲ್ಲ. 2019ರ ತಿದ್ದುಪಡಿಯ ಫಲವಾಗಿ 2022ರ ಏಪ್ರಿಲ್ 1ರಿಂದ, ತಪ್ಪನ್ನು ಸಾಬೀತುಪಡಿಸದೆಯೇ ದೊರೆಯುವ ಪರಿಹಾರ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷವಾಯಿತು. ಕೆಡವಿ ಓಡಿಹೋದ ಗಾಡಿಯ ಪತ್ತೆಯೇ ಆಗದಿದ್ದರೆ ಸರಕಾರದ ಯೋಜನೆಯಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಆದರೆ ಅದೇ ದಿನದಿಂದ, ನ್ಯಾಯಮಂಡಲಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವೂ ಮರಳಿ ಬಂತು. ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆಯಾದರೂ, ಆರು ತಿಂಗಳೊಳಗೆ ಕೆಲಸ ಮುಗಿಸುವುದೇ ಜಾಣತನ. ವರ್ಷದ ಕಾರ್ಯ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತರೆ ಹಕ್ಕಿಗೇ ಕುತ್ತು.

ರಕ್ಷಣೆಯೋ, ಬಹಿಷ್ಕಾರವೋ

ಒಂದು ಕಡೆ ಪರಿಹಾರದ ದಾರಿ ಅಗಲವಾಗುತ್ತಿದ್ದಂತೆ ಇನ್ನೊಂದು ಕಡೆ ಸೈಕಲ್ಲಿನ ದಾರಿ ಕಿರಿದಾಗುತ್ತ ಹೋಯಿತು. 1964ರ ಮಾರ್ಚ್ 31ರಂದು ಮುಂಬಯಿಯ ಕೊನೆಯ ಟ್ರಾಮು ಓಡಿತು. ಚಕ್ರ ಸಿಕ್ಕಿಬೀಳುತ್ತಿದ್ದ ಟ್ರಾಮಿನ ಹಳಿ ಹೋಯಿತಲ್ಲ ಎಂದು ಸವಾರರು ಹಿಗ್ಗಿದ್ದರೆ, ತೆರವಾದ ಜಾಗವನ್ನು ಮೋಟಾರುಗಳು ತುಂಬಿಕೊಂಡವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ದಾರಿಯ ಬಗ್ಗೆ ಸೂತ್ರಗಳನ್ನು ಪ್ರಕಟಿಸಿತ್ತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್ಲುಗಳು ಓಡಾಡುವಲ್ಲಿ, ಮೋಟಾರುಗಳೂ ಗಂಟೆಗೆ 100ರಿಂದ 200ರಷ್ಟಿದ್ದರೆ, ಪ್ರತ್ಯೇಕ ದಾರಿ ಮಾಡಬಹುದೆಂಬುದು ಅದರ ಲೆಕ್ಕ. ದಾರಿ ಮಾಡಲಿಲ್ಲ, ಅಂಜಿದವರು ಸೈಕಲ್ಲು ಬಿಟ್ಟರು, ಸೈಕಲ್ಲೇ ಇಲ್ಲವಲ್ಲ, ದಾರಿ ಯಾರಿಗೆ ಎಂಬ ಪ್ರಶ್ನೆ ಬಂತು. ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂಬ ಗಾದೆಯ ಕಥೆ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಯೋಜನೆ ಜನರಿಗಾಗಿಯೇ ಹೊರತು ವಾಹನಗಳಿಗಾಗಿ ಅಲ್ಲವೆಂದು ಸಾರಿತು. ಮೂರು ವರ್ಷಗಳ ತರುವಾಯ, 2009ರ ಜೂನ್ 30ರಂದು, ಬಾಂದ್ರಾ-ವರಳಿ ಸಮುದ್ರ ಸೇತುವೆ ತೆರೆದಾಗ ಅದರ ಮೇಲೆ ಸೈಕಲ್ಲಿಗೆ ಪ್ರವೇಶವಿರಲಿಲ್ಲ. 2024ರಲ್ಲಿ ತೆರೆದ ಕರಾವಳಿ ರಸ್ತೆಯಲ್ಲೂ ಅದೇ ಕಥೆ. ವೇಗದ ದಾರಿಯಲ್ಲಿ ಸೈಕಲ್ಲು ಅಪಾಯಕಾರಿ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅಪಾಯ ತರುವವನನ್ನು ಹದ್ದಿನಲ್ಲಿಡುವ ಬದಲು ಅಪಾಯಕ್ಕೆ ಸಿಕ್ಕುವವನನ್ನು ಹೊರಗಟ್ಟುವುದೇ ರಕ್ಷಣೆ ಎಂದಾದರೆ, ಆ ರಕ್ಷಣೆಗೂ ಬಹಿಷ್ಕಾರಕ್ಕೂ ಭೇದವೇನು? ಕಲ್ಕತ್ತೆಯಲ್ಲಿ 2013ರಲ್ಲಿ 174 ರಸ್ತೆಗಳಿಂದ ಸೈಕಲ್ಲನ್ನು ದೂರವಿಟ್ಟಾಗ ಹಾಲಿನವರು, ಮೀನಿನವರು, ಪತ್ರಿಕೆ ಹಂಚುವವರು ಬೀದಿಗಿಳಿದು ಕೇಳಿದ್ದೂ ಇದನ್ನೇ.

ಪ್ರತ್ಯೇಕ ದಾರಿ ಮಾಡುವ ಪ್ರಯತ್ನಗಳೂ ನಡೆಯದೆ ಇಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರ ಸುಮಾರಿಗೆ ಕೋಟಿಗಟ್ಟಲೆ ಖರ್ಚಿನಲ್ಲಿ ಸುಮಾರು 13 ಕಿಲೋಮೀಟರಿನ ಸೈಕಲ್ ದಾರಿ ಸಿದ್ಧವಾಯಿತು. ಅದರ ಮೇಲೆ ಸೈಕಲ್ಲಿಗಿಂತ ಹೆಚ್ಚಾಗಿ ಕಾಣಿಸಿದ್ದು ನಿಲ್ಲಿಸಿದ ಮೋಟಾರುಗಳು. ಸೈಕಲ್ಲಿಗೆಂದು ಮೀಸಲಾದ ದಾರಿಯಲ್ಲಿ ಮೋಟಾರು ನಡೆಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ನಿಯಮವನ್ನು ನಡೆಸುವ ಕೈ ಇರಲಿಲ್ಲ. ಪವಾಯಿ ಕೆರೆಯ ಸುತ್ತ ನಗರಪಾಲಿಕೆ ಕೈಗೊಂಡ ಸೈಕಲ್ ದಾರಿಯ ಕೆಲಸವನ್ನು 2022ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅಕ್ರಮವೆಂದು ಸಾರಿ, ಕೆರೆಯಂಚನ್ನು ಮೊದಲಿನಂತೆ ಮಾಡಬೇಕೆಂದಿತು. ಆ ತೀರ್ಪು ಸೈಕಲ್ಲಿನ ವಿರುದ್ಧವಲ್ಲ, ಕೆರೆಯ ಪರ. ವಾಯುವಿಹಾರದ ಸೈಕಲ್ಲಿಗೆ ಕೆರೆಯ ಅಂಚನ್ನು ಹುಡುಕುವ ನಗರ, ಹೊಟ್ಟೆಪಾಡಿನ ಸೈಕಲ್ಲಿಗೆ ರಸ್ತೆಯ ಅಂಚಿನಲ್ಲಿ ಒಂದು ಗಜ ಜಾಗ ಬಿಡಲಿಲ್ಲ ಎಂಬುದೇ ಇಲ್ಲಿಯ ವಿಪರ್ಯಾಸ.

ಹೊರಗಿನ ಜಗತ್ತು, ನಮ್ಮ ನಾಡು

ಹಾಲೆಂಡಿನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಮಂದಿ ಬಲಿಯಾದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಂದಿರು, ತಂದೆಯರು ಬೀದಿಗಿಳಿದರು. ಇಂದು ಅಲ್ಲಿಯ ಕಾನೂನಿನಲ್ಲಿ, ಮೋಟಾರು ಸೈಕಲ್ ಸವಾರನಿಗೆ ಡಿಕ್ಕಿ ಹೊಡೆದರೆ, ಅದು ತನ್ನ ಕೈಮೀರಿದ ಸಂಗತಿಯೆಂದು ಸಿದ್ಧಪಡಿಸದ ಹೊರತು ಮೋಟಾರಿನ ಒಡೆಯನೇ ನಷ್ಟ ತುಂಬಬೇಕು. ಅಮೆರಿಕದ ಲಾಸ್ ಏಂಜಲೀಸ್ ನಗರ 2011ರ ಜುಲೈಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸೈಕಲ್ ಸವಾರನನ್ನು ಬೆದರಿಸುವ, ಬೇಕೆಂದೇ ರಸ್ತೆಯಿಂದ ತಳ್ಳುವ, ಹಿಂಸಿಸುವ ಚಾಲಕನ ಮೇಲೆ ಸವಾರನೇ ಸಿವಿಲ್ ದಾವೆ ಹೂಡಬಹುದು. ಗೆದ್ದರೆ ನಷ್ಟದ ಮೂರು ಪಟ್ಟು ಅಥವಾ 1,000 ಡಾಲರು, ಯಾವುದು ಹೆಚ್ಚೋ ಅದು, ಜೊತೆಗೆ ವಕೀಲರ ಖರ್ಚು. ಪೋಲೀಸರು ಕ್ರಿಮಿನಲ್ ಮೊಕದ್ದಮೆ ಹೂಡಿ ಗೆಲ್ಲುವುದು ಕಷ್ಟವಾದಲ್ಲಿ ನೊಂದವನ ಕೈಗೇ ಆಯುಧ ಕೊಟ್ಟಂತಾಯಿತು. ಮುಂಬಯಿಯಲ್ಲಿ ಸವಾರ ನೆಲಕ್ಕೆ ಬಿದ್ದ ಮೇಲೆ ಕಾನೂನು ಏಳುತ್ತದೆ. ಅಲ್ಲಿ ಬೀಳುವ ಮೊದಲೇ ಕಣ್ಣು ಬಿಡುತ್ತದೆ.

ನಮ್ಮಲ್ಲಿಯೂ ಗಾಳಿ ಸ್ವಲ್ಪ ತಿರುಗಿದೆ. 2017ರ ಚಾಲನಾ ನಿಯಮಗಳು, ಪಾದಚಾರಿ, ಸೈಕಲ್ ಸವಾರ, ಮಕ್ಕಳು, ಮುದುಕರು, ಅಂಗವಿಕಲರ ಬಗ್ಗೆ ಚಾಲಕ ವಿಶೇಷ ಎಚ್ಚರ ವಹಿಸಬೇಕೆಂದು ಸ್ಪಷ್ಟವಾಗಿ ಹೇಳಿದವು. ಕರ್ನಾಟಕ ಸರಕಾರದ ನಗರ ಭೂಸಾರಿಗೆ ನಿರ್ದೇಶನಾಲಯ 2021-22ರಲ್ಲಿ, ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳನ್ನೇ ಮುಖ್ಯವಾಗಿಟ್ಟುಕೊಂಡ ಮಸೂದೆಯ ಕರಡೊಂದನ್ನು ಜನರ ಮುಂದಿಟ್ಟಿತು. 2019ರ ತಿದ್ದುಪಡಿ ಮೋಟಾರಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಆ ನಿಯಮಗಳನ್ನು ಆರು ತಿಂಗಳೊಳಗೆ ಮಾಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ನಿಯಮ ಬರೆಯುವವರ ಮೇಜಿನ ಮುಂದೆ ಡಬ್ಬಾವಾಲಾ, ಹಾಲಿನವನು, ಹೋಟೆಲಿನ ಹುಡುಗ ಇವರ ಪರವಾಗಿ ಮಾತನಾಡುವವರು ಇರಬೇಕು. ಇಲ್ಲವಾದರೆ ಹಳೆಯ ಬೆತ್ತವೇ ಹೊಸ ಹೆಸರಿನಲ್ಲಿ ಬಂದೀತು.

ನಮ್ಮ ಕೈಯಲ್ಲಿರುವುದು

ಮುಂಬಯಿಯ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ಸಾಹಿತ್ಯಗೋಷ್ಠಿಗಳಿಗಷ್ಟೇ ಹುಟ್ಟಿದವಲ್ಲ. ಹಗಲು ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿ ಅಕ್ಷರ ಕಲಿಸಿದ ಪರಂಪರೆ ನಮ್ಮ ಜನರದು. ಅದೇ ಪರಂಪರೆಯಲ್ಲಿ ಇಂದು ಕಲಿಸಬೇಕಾದ ಅಕ್ಷರಗಳು ಕೆಲವಿವೆ. ಅಪಘಾತವಾದಾಗ ಗಾಡಿಯ ನಂಬರು, ಹೊತ್ತು, ಸ್ಥಳಗಳನ್ನು ಬರೆದಿಟ್ಟುಕೊಳ್ಳಬೇಕು. ಗಾಯಗೊಂಡವನಿಗೆ ವೈದ್ಯರ ನೆರವು ಒದಗಿಸುವುದು ಚಾಲಕನದೇ ಕರ್ತವ್ಯ. ಅವನನ್ನು ಆಸ್ಪತ್ರೆಗೆ ಒಯ್ದ ದಾರಿಹೋಕನನ್ನು ಕಾನೂನು ರಕ್ಷಿಸುತ್ತದೆ. ಪೋಲೀಸರ ಕಾಟಕ್ಕೆ ಹೆದರಿ ಮುಖ ತಿರುಗಿಸಬೇಕಾಗಿಲ್ಲ. ಠಾಣೆಯಲ್ಲಿ ದೂರು ದಾಖಲಿಸಿ ಅದರ ಪ್ರತಿ ಕೇಳಿ ಪಡೆಯಬೇಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಊರಿನಲ್ಲಿರುವ ಮನೆಯವರು ಊರಿನ ನ್ಯಾಯಮಂಡಲಿಯಲ್ಲೇ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕು. ಹೋಟೆಲು ನಡೆಸುವ ನಮ್ಮ ಬಂಧುಗಳು ಹುಡುಗರ ಕೈಗೆ ಸೈಕಲ್ಲು ಕೊಡುವಾಗ ಬ್ರೇಕು, ಗಂಟೆ, ಹಿಂದುಮುಂದಿನ ದೀಪಗಳನ್ನು ಒಮ್ಮೆ ನೋಡಿ ಕೊಟ್ಟರೆ ಅದೂ ಪುಣ್ಯದ ಕೆಲಸವೇ. ನಮ್ಮಲ್ಲಿ ವಕೀಲರಿಗೆ ಬರವಿಲ್ಲ. ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಹೊತ್ತು ಅವರು ಸಂಘದ ಕೊಠಡಿಯಲ್ಲಿ ಕುಳಿತರೆ ಎಷ್ಟೋ ಮನೆಗಳು ಉಳಿದಾವು.

ಕೊನೆಯದಾಗಿ, ನಮ್ಮಲ್ಲೇ ಅನೇಕರು ಇಂದು ಮೋಟಾರಿನೊಳಗೆ ಕುಳಿತವರು. ಅಪ್ಪ ಅಜ್ಜಂದಿರು ಬಾಡಿಗೆ ಸೈಕಲ್ಲು ತುಳಿದು ಕಟ್ಟಿದ ಬದುಕಿನ ಫಲ ಅದು. ಮುಂದೆ ಹೋಗುವ ಸೈಕಲ್ಲಿನ ಹಿಂದೆ ಒಂದು ನಿಮಿಷ ಹಾರ್ನಿಲ್ಲದೆ ಸಾಗಿ, ಜಾಗ ಸಿಕ್ಕಾಗ ಬಲದಿಂದ ದೂರವಾಗಿ ದಾಟುವುದು ಕಷ್ಟದ ಕೆಲಸವೇನೂ ಅಲ್ಲ. ಅದಕ್ಕೆ ಹೊಸ ಕಾಯಿದೆಯೂ ಬೇಕಾಗಿಲ್ಲ. 1951ರ ಕಾಯಿದೆಯ 99ನೆಯ ಕಲಮೇ ಸಾಕು.